ಊತ ಇಳಿದ ಪಂಜರ

ಎರಡು ಪಂಜರದ ಇಲಿಗಳಿಗೂ ಒಂದೇ ಲಸಿಕೆ ಚುಚ್ಚಿದ್ದು ಹೊಸದಾಗಿ ಸೇರಿದ ಸಂಶೋಧಕಿಯೇ. ಆದರೂ ಒಂದು ಪಂಜರದವುಗಳ ರಕ್ತದಲ್ಲಿ ಪ್ರತಿಕಾಯಗಳು ತುಂಬಿದ್ದವು, ಇನ್ನೊಂದರಲ್ಲಿ ಹೆಸರಿಗೂ ಇರಲಿಲ್ಲ. ಮತ್ತೆ ಪರೀಕ್ಷಿಸಿದರೂ ಅದೇ ಕಥೆ.

"ಇವಕ್ಕೆ ಬೇರೆ ಏನಾದ್ರೂ ಕೊಟ್ಯಾ?" ಪ್ರತಿಕಾಯವಿಲ್ಲದ ಪಂಜರ ತೋರಿಸಿ ಪ್ರಯೋಗಾಲಯದ ಹಿರಿಯಕ್ಕ ಕೇಳಿದಳು.

"ಏನಿಲ್ಲಕ್ಕ. ಚುಚ್ಚಿದ ಕಾಲು ಊದಿ ಕುಂಟ್ತಿದ್ವು. ನೋಡೋಕಾಗ್ದೆ ಫ್ರಿಜ್ಜಲ್ಲಿದ್ದ ಊತ ಇಳಿಸೋ ಔಷಧಿ ಕುಡಿಸ್ದೆ. ಆ ಇನ್ನೊಂದು ಪಂಜರಕ್ಕೆ ಸಾಲಲಿಲ್ಲ."

ಅಕ್ಕ ಹಣೆ ಚಚ್ಚಿಕೊಂಡಳು. "ಅದು ಇನ್‌ಫ್ಲಮಸೋಮನ್ನ ಕಟ್ಟಿಹಾಕೋ ಔಷಧಿ ಕಣೇ. ಇನ್‌ಫ್ಲಮಸೋಮ್ ಅಂದ್ರೆ, ಮೊದಲು ಓಡಿಬರೋ ಕಾವಲು ಕೋಶಗಳೊಳಗಿನ ಅಪಾಯದ ಗಂಟೆ. ಗಂಟೆ ಹೊಡ್ಕೊಂಡ್ರೆ ಊತ ಬರತ್ತೆ. ಅದೇ ಸದ್ದಿಗೆ, ರೋಗಾಣು ಗುರುತು ಕಲಿಯೋ ಕೋಶಗಳೂ ಏಳ್ತವೆ. ನೀನು ಗಂಟೆ ಬಾಯಿಗೇ ಬಟ್ಟೆ ತುರುಕಿದ್ದೀಯ."

"ಹಾಗಾದ್ರೆ ಊತ ಒಳ್ಳೇದಾ?"

"ಯಾರು ಹೇಳಿದ್ರು? ಗಂಟೆ ಸುಮ್ನೆ ಹೊಡ್ಕೋತಾನೇ ಇದ್ರೆ ಮೈಯೇ ಹಾಳು."

ಅವಳಿಗೆ ಗೊತ್ತಿದ್ದದ್ದೂ ಕಲಸಿಹೋಯಿತು. ನಾಳೆ, ಲಸಿಕೆ ಕಾಪಾಡುತ್ತದೆಯೇ ಎಂದು ನೋಡಲು ಎರಡೂ ಪಂಜರಕ್ಕೆ ನಿಜವಾದ ರೋಗಾಣು ಕೊಡುವ ದಿನ. ಅವಳು ಮರುಕಪಟ್ಟ ಇಲಿಗಳು ಒಂದರ ಮೇಲೊಂದು ಬಿದ್ದು ನೆಮ್ಮದಿಯಾಗಿ ನಿದ್ದೆಹೋಗಿದ್ದವು. ಪಕ್ಕದ ಪಂಜರದಲ್ಲಿ ಒಂದು ಇನ್ನೂ ಕುಂಟುತ್ತಲೇ ಬಂದು ಅವಳ ಬೆರಳು ಮೂಸಿತು.