ಮುಚ್ಚಲಾಗದ ಖಾನೆ

ಟಕ್ ಅಂದಿತೇ, ಇಲ್ಲ, ಅರ್ಧ ಮಾತ್ರ, ಕೊಂಡಿ ಕೂರುವ ಮೊದಲೇ ಸ್ಪ್ರಿಂಗ್ ಖಾನೆಯನ್ನು ಹೊರಕ್ಕೆ ನೂಕಿಬಿಟ್ಟಿತು, ನಾಲಿಗೆ ಚಾಚಿ ಅಣಕಿಸುವ ಹಾಗೆ ನಿಂತಿದೆ ನನ್ನ ಮುಂದೆ, ಕಾರ್ಖಾನೆಯ ಈ ಮೇಜಿನ ಮೇಲೆ, ಎಣ್ಣೆಯ ವಾಸನೆ, ಹೆಬ್ಬೆರಳಲ್ಲಿ ಸ್ಪ್ರಿಂಗಿನ ಗೀರು, ಎಡಗೈಯಲ್ಲೇ ಮುಚ್ಚಬೇಕು ಅಂತ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೇನೆ, ದೊಡ್ಡಮ್ಮನಿಗೆ ಈಗ ಇರುವುದು ಎಡಗೈ ಒಂದೇ, ಲಕ್ವ ಹೊಡೆದ ಮೇಲೆ ಬಲಭಾಗ ಸುಮ್ಮನಾಗಿದೆ, ಇದು ನನಗೆ ಗೊತ್ತಿರಲಿಲ್ಲವೇ, ದಿನಾ ಬೆಳಿಗ್ಗೆ ಆ ಸುಮ್ಮನಾದ ಕೈಯನ್ನು ಅಂಗಿಯ ತೋಳಿಗೆ ತೂರಿಸುವವಳು ನಾನೇ ಅಲ್ಲವೇ, ಆದರೂ ಇವತ್ತು ಎಲ್ಲರ ಎದುರು ನಾನು ಹೇಳಿದ ಆ ಮಾತು — ಬೇಡ, ಮೊದಲು ಸ್ಪ್ರಿಂಗ್ ನೋಡು, ಸ್ಪ್ರಿಂಗ್ ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಲ್ಲುವ ಪುಟ್ಟ ಕಪಾಟು, ಅದರ ಮೂಲೆಯಲ್ಲಿ ಈ ಖಾನೆ, ನೆಟ್ಟಗೆ ನಿಂತ ಕಂಬಿಯ ಮೇಲೆ ತಿರುಗುತ್ತದೆ, ಕಂಬಿಗೆ ಸ್ಪ್ರಿಂಗ್ ಸುತ್ತಿಕೊಂಡಿದೆ, ಗುಂಡಿ ಒತ್ತಿದರೆ ಕೊಂಡಿ ಬಿಡುತ್ತದೆ, ಖಾನೆ ತಾನಾಗಿ ತಿರುಗಿ ಮಲಗಿದವರ ಕೈಯ ಹತ್ತಿರಕ್ಕೆ ಬರುತ್ತದೆ, ಎಷ್ಟು ಚೆನ್ನಾಗಿ ಬರುತ್ತದೆಂದರೆ ನೋಡಿದವರೆಲ್ಲ ಆಹಾ ಅನ್ನುತ್ತಾರೆ, ಓದು ಮುಗಿಸಿದ ಮೇಲೆ ಇದು ನನ್ನದು ಅಂತ ಹೇಳಿಕೊಳ್ಳಬಹುದಾದ ಮೊದಲ ವಸ್ತು, ಹೇಳಿಕೊಂಡವಳು ನಾನಲ್ಲ, ನನಗೆ ಬಾಯಿ ಎಲ್ಲಿದೆ, ಡೈರಿಯಲ್ಲಿ ಪುಟಗಟ್ಟಲೆ ಬರೆಯುತ್ತೇನೆ, ನಾಲ್ಕು ಜನ ಸೇರಿದರೆ ಗಂಟಲು ಕಟ್ಟುತ್ತದೆ, ವೆಲ್ಡಿಂಗ್ ಅಣ್ಣ ನನ್ನನ್ನು ಮೌನಗೌರಿ ಅನ್ನುವುದು ಸುಮ್ಮನೆ ಅಲ್ಲ — ಹೇಳಿಕೊಂಡವಳು ದೊಡ್ಡಮ್ಮ.

ನಮ್ಮ ಪುಟ್ಟಿ ಮಾಡಿದ್ದು ಸ್ವಾಮಿ, ಒಂದು ಬೆರಳು ಸಾಕು, ನೋಡ್ತಾ ಇರಿ. ಬಾಯಿ ಒಂದು ಕಡೆಗೆ ಎಳೆದರೂ ದನಿ ಮಾತ್ರ ಹಳೆಯದೇ, ಮೂರು ಮನೆಯಾಚೆ ಕೇಳುವ ದನಿ. ಬೆಳಿಗ್ಗೆ ಆಸ್ಪತ್ರೆಯಿಂದ ಇಬ್ಬರು ಮನೆಗೆ ಬಂದಿದ್ದರು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ತೂಗಿಸಿಕೊಂಡ ಹಿರಿಯ ನರ್ಸು, ಕನ್ನಡಕದ ಮೇಲಿಂದ ನೋಡುವ ಖರೀದಿಯ ಅಧಿಕಾರಿ, ಜೊತೆಗೆ ನಮ್ಮ ಕಾರ್ಖಾನೆಯ ಯಜಮಾನರು, ನಿಮ್ಮ ಮನೇಲೇ ಬಳಕೆಯಲ್ಲಿದೆಯಲ್ಲಮ್ಮ, ಅಲ್ಲೇ ತೋರಿಸೋಣ, ಕಣ್ಣಾರೆ ಕಂಡರೆ ಎರಡು ಮಾತಿರಲ್ಲ ಅಂದಿದ್ದರು, ಬಳಕೆಯಲ್ಲಿತ್ತು ನಿಜ, ಮೊದಲ ಮಾದರಿಯನ್ನು ನಾನೇ ಮನೆಗೆ ತಂದು ದೊಡ್ಡಮ್ಮನ ಮಂಚದ ಪಕ್ಕ ಇಟ್ಟಿದ್ದೆ, ಸಂಜೆ ಮನೆಗೆ ಹೋದಾಗಲೆಲ್ಲ ಖಾನೆ ತೆರೆದೇ ಇರುತ್ತಿತ್ತು, ಅವಳಿಗೆ ಹಾಗೇ ಇಷ್ಟ ಅಂದುಕೊಂಡೆ, ಕೇಳಲಿಲ್ಲ, ಅವಳೂ ಹೇಳಲಿಲ್ಲ, ಮಗು ಮೊದಲ ಸಲ ಮಾಡಿದ್ದಕ್ಕೆ ಯಾಕೆ ಕೊಂಕು ತೆಗೆಯಲಿ ಅಂತ ಇರಬೇಕು. ಗುಂಡಿ ಒತ್ತಿದಳು. ಖಾನೆ ತೇಲಿ ಬಂತು. ಆಹಾ, ಅಂದರು ಯಜಮಾನರು, ಅಧಿಕಾರಿ ಬಗ್ಗಿ ನೋಡಿದರು, ಬಗ್ಗಿ ಒಳಗೆ ನೋಡಿದರು, ಒಳಗೆ ಮಡಿಸಿಟ್ಟ ಡೈಪರುಗಳು, ತೊಡೆಯ ಸಂದಿನ ಹುಣ್ಣಿಗೆ ಹಚ್ಚುವ ಮುಲಾಮು, ಗದ್ದದ ಕೂದಲು ಕೀಳುವ ಚಿಮುಟ, ಅವರು ಬರುವ ಮೊದಲು ನಾನದನ್ನು ಖಾಲಿ ಮಾಡಿ ಔಷಧದ ಬಾಟಲಿ ಜೋಡಿಸಿಡಬೇಕಿತ್ತು, ನಾನು ಕಂಬಿಗೆ ಎಣ್ಣೆ ಬಿಡುತ್ತಿದ್ದೆ, ಕಿರುಗುಟ್ಟಬಾರದು ನೋಡು, ನನ್ನ ಖಾನೆ ಕಿರುಗುಟ್ಟಬಾರದು. ದೊಡ್ಡಮ್ಮ ಎಡಗೈ ಚಾಚಿ ಮುಚ್ಚಲು ಹೋದಳು, ಮಲಗಿದಲ್ಲಿಂದ ತೋಳು ಅಷ್ಟು ದೂರ ನೂಕಲಾರದು, ಅರ್ಧ ಹೋಗಿ ಹಿಂದೆ ಬಂತು, ಮತ್ತೆ ನೂಕಿದಳು, ಮತ್ತೆ ಬಂತು, ಆಮೇಲೆ ನೂಕುವುದು ಬಿಟ್ಟು ಅಂಗೈ ಅಗಲಿಸಿ ಖಾನೆಯ ಮೇಲಿಟ್ಟುಕೊಂಡಳು, ಮುಚ್ಚಳದ ಹಾಗೆ, ಅಷ್ಟು ಚಿಕ್ಕ ಅಂಗೈ ಎಷ್ಟನ್ನು ಮುಚ್ಚೀತು, ಬೆರಳ ಸಂದಿಯಲ್ಲಿ ಡೈಪರಿನ ನೀಲಿ ಅಂಚು — ನಾನು ಎರಡು ಹೆಜ್ಜೆ ಮುಂದೆ ಬಂದಿದ್ದರೆ ಮುಗಿಯುತ್ತಿತ್ತು, ಬರಲಿಲ್ಲ, ನಾನು ಖಾನೆ ಎಷ್ಟು ಓರೆಯಲ್ಲಿ ನಿಂತಿತು ಅಂತ ನೋಡುತ್ತಿದ್ದೆ, ಅಯ್ಯೋ ಇವರ ಮುಂದೆಯೇ ಕೈಕೊಟ್ಟಿತಲ್ಲ ಅಂದುಕೊಳ್ಳುತ್ತಿದ್ದೆ. ಮುಚ್ಚೋದು ಕಷ್ಟವೇನ್ರಿ, ಅಧಿಕಾರಿ ಕೇಳಿದರು. ಆಗ ಬಾಯಿ ಬಂತು ನನಗೆ, ಎಂದೂ ಬಾರದ ಬಾಯಿ, ಇಲ್ಲ ಸಾರ್, ಸ್ಪ್ರಿಂಗ್ ಸರಿಯಾಗಿದೆ, ಅವರಿಗೆ ಒತ್ತಿ ಮುಚ್ಚೋಕೆ ಬರಲ್ಲ ಅಷ್ಟೆ.

ಅವರಿಗೆ. ಬುದ್ಧಿ ಬಂದಾಗಿನಿಂದ ನೀನು, ಅವಳು ಅಂತಲೇ ಕರೆದವಳನ್ನು ಅವರು ಅಂದೆ, ಯಾರೋ ಮೂರನೆಯವರನ್ನು ದೂರ ಸರಿಸಿ ನಿಲ್ಲಿಸಿದ ಹಾಗೆ. ಅವಳು ನನ್ನ ಮುಖ ನೋಡಿದಳೇ, ನೋಡಲಿಲ್ಲ, ನಕ್ಕಳು, ಹೌದು ಸ್ವಾಮಿ ಹೌದು, ನಾನು ಮೊದಲಿಂದಲೂ ಮೊದ್ದು, ಇವಳೇನೋ ಚೆನ್ನಾಗಿ ಹೇಳಿಕೊಟ್ಟಿದಾಳೆ, ನನ್ನ ತಲೆಗೆ ಹೋಗಲ್ಲ, ಅಂದಳು, ಅಂಗೈ ಅಲ್ಲಿಯೇ ಇತ್ತು, ಇಷ್ಟು ಹೇಳುವಾಗಲೂ ಅಂಗೈ ಅಲ್ಲಿಯೇ. ಕೊನೆಗೆ ಮುಚ್ಚಿದ್ದು ನರ್ಸಮ್ಮ, ಹೊರಡುತ್ತ ಅದರ ಪಕ್ಕ ಹಾದರು, ಸೊಂಟದಿಂದ ಒಂದು ತಟ್ಟು, ಕೀಗೊಂಚಲು ಝಣಕ್ ಅಂತು, ಟಕ್. ಹೋಗುವಾಗ ಯಜಮಾನರು ಖುಷಿಯಲ್ಲಿದ್ದರು, ನಾನೂ ಅವರ ಹಿಂದೆಯೇ ಚಪ್ಪಲಿ ಮೆಟ್ಟಿಕೊಂಡೆ, ಬಾಗಿಲ ಹತ್ತಿರ ದನಿ ಕೇಳಿತು, ಪುಟ್ಟಿ, ಸಂಜೆ ಬಂದಾಗ ಅದನ್ನ ತಗೊಂಡು ಹೋಗೇ, ನನ್ನ ಹಳೇ ರಟ್ಟಿನ ಡಬ್ಬಿನೇ ಸಾಕು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳಿಗೆ ಸಿಟ್ಟು ಬಂದರೆ ಬೀದಿಗೇ ಗೊತ್ತಾಗುತ್ತದೆ, ಇದು ಮೆಲ್ಲಗೆ ಬಂದ ಮಾತು, ನೆಂಟರ ಮನೆಯಲ್ಲಿ ಇನ್ನೊಂದು ತುತ್ತು ಬೇಡ ಅನ್ನುವ ಹಾಗೆ. ನಾನು ಹೂಂ ಅಂದು ಬಂದೆ. ಹೂಂ ಅಂದೆನಲ್ಲ, ಛೀ.

ನೆನಪಾಗಬಾರದು ಅಂದಷ್ಟೂ ಆ ಶಾಲೆಯ ಅಂಗಳ ನೆನಪಾಗುತ್ತಿದೆ, ವಾರ್ಷಿಕೋತ್ಸವ, ಬಿಳಿ ಲಂಗ, ಬಹುಮಾನ ತೆಗೆದುಕೊಂಡು ವೇದಿಕೆ ಇಳಿದೆ, ದೊಡ್ಡಮ್ಮ ಸಾಲುಗಳ ನಡುವಿನಿಂದ ಕುರ್ಚಿಗಳನ್ನು ಸರಿಸಿಕೊಂಡು ಬಂದಳು, ಬೆನ್ನಿಗೇ ಅಂಟಿಕೊಂಡು ನಿಂತಳು, ತಿರುಗಬೇಡ, ನಡೀತಾ ಇರು, ಅಂತ ಕಿವಿಯಲ್ಲಿ, ಆಮೇಲೆ ದೊಡ್ಡ ದನಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಏನ್ರಿ ಇದು, ಕುಡಿಯೋಕೆ ನೀರೇ ಇಟ್ಟಿಲ್ವಲ್ರೀ, ಮಕ್ಕಳು ಬಾಯಾರಿ ಸಾಯ್ಬೇಕಾ, ಅಂತ ಬೈದುಕೊಳ್ಳುತ್ತ, ಎಲ್ಲರ ಕಣ್ಣು ಅವಳ ಬಾಯಿಯ ಮೇಲೆ, ನನ್ನ ಲಂಗದ ಹಿಂದಿನ ಕೆಂಪು ಕಲೆಯ ಮೇಲೆ ಒಬ್ಬರದೂ ಇಲ್ಲ, ಅಂಗಳ ದಾಟಿ ಗೇಟು ದಾಟಿ ರಿಕ್ಷಾದವರೆಗೂ ನನ್ನ ಹಿಂದೆಯೇ, ಹೆಜ್ಜೆಗೆ ಹೆಜ್ಜೆ, ನನ್ನ ಹಿಮ್ಮಡಿಯನ್ನು ಎರಡು ಸಲ ತುಳಿದಳು, ರಿಕ್ಷಾದಲ್ಲಿ ಕೂತ ಮೇಲೆ ನಕ್ಕು, ನನ್ನನ್ನ ಜಗಳಗಂಟಿ ಅಂದುಕೊಂಡ್ರು ಕಣೇ ಎಲ್ಲ, ಅಂದುಕೊಳ್ಳಲಿ ಬಿಡು. ಅಮ್ಮ ಇಲ್ಲದ ನನಗೆ ಅದನ್ನೆಲ್ಲ ಹೇಳಿಕೊಟ್ಟವಳು ಅಪ್ಪನ ಅಣ್ಣನ ಹೆಂಡತಿ, ಈ ದೊಡ್ಡಮ್ಮ. ಇವತ್ತು ಅವಳಿಗೆ ಬೇಕಿದ್ದದ್ದು ಒಂದು ಅಂಗಳವಲ್ಲ, ಎರಡು ಹೆಜ್ಜೆ.

ಸೊಂಟ — ನಿಲ್ಲು, ಸೊಂಟ. ನರ್ಸಮ್ಮ ಸೊಂಟದಿಂದ ತಟ್ಟಿದರು, ನಾನು ಮನೆಯಲ್ಲಿ ದಿನಾ ಹೇಗೆ ಮುಚ್ಚುತ್ತೇನೆ, ಒಂದು ಕೈಯಲ್ಲಿ ಬಿಸಿನೀರಿನ ಪಾತ್ರೆ, ಇನ್ನೊಂದರಲ್ಲಿ ಟವಲು, ಸೊಂಟದಿಂದ, ಇಲ್ಲಿ ಕಾರ್ಖಾನೆಯಲ್ಲಿ, ಒಂದು ಕೈಯಲ್ಲಿ ಸ್ಪ್ಯಾನರು, ಸೊಂಟದಿಂದ, ವೆಲ್ಡಿಂಗ್ ಅಣ್ಣ ಹಾದುಹೋಗುವಾಗ ತೊಡೆಯಿಂದ ಒಂದು ಗುದ್ದು, ಯಜಮಾನರು ಹೊಟ್ಟೆಯಿಂದ, ಇಷ್ಟು ದಿನ ಸಾವಿರ ಸಲ ಮುಚ್ಚಿದ್ದೇವೆ ಇದನ್ನು, ಒಮ್ಮೆಯೂ ಕೈಯಿಂದ ಮುಚ್ಚಿಲ್ಲ, ನಿಂತವರು ನಾವು, ನಮ್ಮ ಮೈಭಾರವೇ ಅದನ್ನು ಮುಚ್ಚುತ್ತಿತ್ತು, ನಮಗದು ಗೊತ್ತೇ ಆಗಲಿಲ್ಲ, ಮಂಚದ ಮೇಲೆ ಮಲಗಿದವಳಿಗೆ ತಟ್ಟಲು ಸೊಂಟ ಎಲ್ಲಿಂದ ಬರಬೇಕು. ತೆರೆಯುವ ಸುಖವನ್ನು ಸ್ಪ್ರಿಂಗ್ ಪುಕ್ಕಟೆ ಕೊಡಲಿಲ್ಲ, ಮುಚ್ಚುವವರ ಕೈಯಿಂದ ಕಿತ್ತುಕೊಂಡು ಕೊಟ್ಟಿತು, ಯಾರ ಕೈಯಿಂದ ಅಂತ ನಾನು ಕೇಳಲಿಲ್ಲ. ಹಾಗಾದರೆ ತಿರುಗಿಸು, ಸುತ್ತು ತಿರುಗಿಸು, ಸ್ಪ್ರಿಂಗ್ ಮುಚ್ಚಲಿ, ತೆರೆಯುವುದಕ್ಕೆ ಬಲ ಬೇಕಾದರೆ ಬೇಕಾಗಲಿ, ಅವಳು ನೂಕಲಾರಳು, ಎಳೆಯಬಲ್ಲಳು, ಅಂಚಿಗೊಂದು ಬಟ್ಟೆಯ ಪಟ್ಟಿ ಹಾಕಿದರೆ ಅದಕ್ಕೆ ಬೆರಳು ಸಿಕ್ಕಿಸಿ ತೋಳನ್ನು ಹಾಗೇ ಕೆಳಗೆ ಬಿಟ್ಟರೆ ಸಾಕು, ತೋಳಿನ ಭಾರಕ್ಕೇ ಖಾನೆ ಬರುತ್ತದೆ, ಬಂದು ಕೊಂಡಿಗೆ ಕೂರುತ್ತದೆ, ಮುಚ್ಚಬೇಕೆಂದಾಗ ಆ ಕೊಂಡಿಯನ್ನು ಮುಟ್ಟಿದರೆ ಸಾಕು, ಬರೀ ಮುಟ್ಟಿದರೆ. ಸುತ್ತು ಬಿಚ್ಚಿದೆ, ಬೆರಳನ್ನು ಇನ್ನೊಮ್ಮೆ ಗೀರಿತು, ಗೀರಲಿ. ಮೊದಲ ಸಲ ಬಿಟ್ಟಾಗ ಧಡಾರ್ ಅಂತ ಬಡಿಯಿತು, ಏನು ಮೌನಗೌರಿ, ಕಪಾಟಿನ ಕೈಯಲ್ಲಿ ಯಾರಿಗೆ ಕಪಾಳಮೋಕ್ಷ, ಅಂದ ವೆಲ್ಡಿಂಗ್ ಅಣ್ಣ, ವೇಗ ತಡೆಯಲು ಎಣ್ಣೆ ತುಂಬಿದ ಪುಟ್ಟ ಕೊಳವೆ ಹಾಕಿದೆ, ಈಗ ಮೆಲ್ಲಗೆ, ಉಸಿರು ಬಿಟ್ಟ ಹಾಗೆ ಬಂದು ಕೂತಿತು. ನಿಂತು ನೋಡಿದರೆ ಆಗುವುದಿಲ್ಲ ಇನ್ನು, ಖಾನೆಯನ್ನು ಪಕ್ಕಕ್ಕೆ ನಿಲ್ಲಿಸಿ ಕಾರ್ಖಾನೆಯ ಮಾದರಿ ಮಂಚದ ಮೇಲೆ ಮಲಗಿದೆ, ನಾನು, ಎಲ್ಲರ ಎದುರು, ಚೂಡಿದಾರದ ವೇಲ್ ಎಳೆದುಕೊಂಡು, ಬಲಗೈ ಬೆನ್ನ ಕೆಳಗೆ, ಮಲಗಿದ ಮೇಲೆ ಗೊತ್ತಾಯಿತು ಇಲ್ಲಿಂದ ಮನುಷ್ಯರು ಹೇಗೆ ಕಾಣುತ್ತಾರೆ ಅಂತ, ಮೂಗಿನ ಹೊಳ್ಳೆಗಳು, ಗದ್ದಗಳು, ಎಲ್ಲರೂ ಎತ್ತರ, ಎಲ್ಲರ ಕಣ್ಣೂ ಖಾನೆಯೊಳಕ್ಕೆ ಇಳಿಯುತ್ತವೆ, ಅವಳು ಬೆಳಿಗ್ಗೆ ನೋಡಿದ್ದು ಇದನ್ನೇ, ಮತ್ತು ಆ ಗದ್ದಗಳ ಸಾಲಿನಲ್ಲಿ ನನ್ನದೂ ಒಂದು.

ಏನಮ್ಮಾ ಇದು, ಯಜಮಾನರು ಬಂದರು, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕಪಾಟು ಒಯ್ಯೋ ಗಾಡಿ ಬರುತ್ತೆ, ನೀನು ನೋಡಿದ್ರೆ ಬಿಚ್ಚಿ ಹಾಕ್ಕೊಂಡು ಮಲಗಿದೀಯ, ಅವರು ತೆರೆಯೋದು ನೋಡಿ ಒಪ್ಪಾಯ್ತಲ್ಲ, ಮುಚ್ಚೋಕೆ ನರ್ಸ್‌ಗಳಿರ್ತಾರೆ ಬಿಡು. ಎದ್ದು ಕೂತೆ, ಬೆರಳು ಇನ್ನೂ ಪಟ್ಟಿಯಲ್ಲೇ, ಸಾರ್, ದೊಡ್ಡಮ್ಮನಿಗೆ ಒತ್ತೋಕೆ ಬರುತ್ತೆ. ಏನು. ಅವಳ ತಪ್ಪೇನಿಲ್ಲ ಸಾರ್, ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು, ಮಲಗಿರೋರು ಯಾರೂ ಅದನ್ನ ಮುಚ್ಚೋಕಾಗಲ್ಲ, ನೀವೇ ಮಲಗಿ ನೋಡಿ. ಅಣ್ಣ ವೆಲ್ಡಿಂಗ್ ನಿಲ್ಲಿಸಿದ, ಯಜಮಾನರು ಮಲಗಲಿಲ್ಲ, ಕಿವಿ ಕೆರೆದುಕೊಂಡರು, ನನ್ನನ್ನೂ ಖಾನೆಯನ್ನೂ ಒಂದೊಂದು ಸಲ ನೋಡಿದರು, ಇಷ್ಟು ಮಾತು ನಿನಗೆ ಬರುತ್ತಾ, ಬೆಳಿಗ್ಗೆ ಎಲ್ಲಿಟ್ಟಿದ್ದೆ ಇದನ್ನ. ಆಮೇಲೆ, ಸರಿ, ಮನೆಗೆ ತಗೊಂಡು ಹೋಗು, ನಿಮ್ಮ ದೊಡ್ಡಮ್ಮ ಹೂಂ ಅಂದ್ರೆ ಗಾಡಿ ನಿಲ್ಲಿಸ್ತೀನಿ, ಇಲ್ಲಾಂದ್ರೆ ಹಳೇದೇ ಹೋಗುತ್ತೆ, ನಾನು ಯಾರ ಮುಂದೆ ಎಷ್ಟು ಸಲ ಕೈ ಮುಗೀಲಿ. ಬಸ್ಸಿನಲ್ಲಿ ಖಾನೆ ತೊಡೆಯ ಮೇಲೆ, ಬಟ್ಟೆಯಲ್ಲಿ ಸುತ್ತಿದ್ದೇನೆ, ಪಕ್ಕದ ಹೆಂಗಸು ಏನದು, ಮಗುವಿನ ತೊಟ್ಟಿಲಾ ಅಂದರು, ಅಲ್ಲ ಅಂದೆ, ಒಳಗೊಳಗೇ ಹೇಳಿಕೊಳ್ಳುತ್ತಿದ್ದೇನೆ, ದೊಡ್ಡಮ್ಮ, ತಪ್ಪಾಯ್ತು, ದೊಡ್ಡಮ್ಮ, ನಾನು ಬೆಳಿಗ್ಗೆ, ದೊಡ್ಡಮ್ಮ, ನೀನು ಮೊದ್ದಲ್ಲ, ಡೈರಿಯಲ್ಲಾದರೆ ಒಂದು ವಾಕ್ಯ ಹೊಡೆದು ಇನ್ನೊಂದು ಬರೆಯಬಹುದು, ಬಾಯಿಂದ ಬಿದ್ದದ್ದನ್ನು ಹೇಗೆ ಹೊಡೆಯುವುದು.

ಬಂದ್ಯಾ, ಟೀ ಕುಡಿದ್ಯಾ, ಮುಖ ಯಾಕೆ ಹಾಗೆ ಬಾಡಿದೆ, ಅಂದಳು, ಎಂದಿನ ಹಾಗೇ, ದಿಂಬಿನ ಅಡಿಯಿಂದ ಡೈಪರಿನ ನೀಲಿ ಅಂಚು ಇಣುಕುತ್ತಿದೆ, ಎಲ್ಲವನ್ನೂ ಅಲ್ಲಿ ತುರುಕಿಕೊಂಡಿದ್ದಾಳೆ. ದೊಡ್ಡಮ್ಮ, ನಾನು ಬೆಳಿಗ್ಗೆ — ಅಯ್ಯೋ ಬಿಡೇ, ಕೆಲಸದ ಕಡೆ ಅಂಥದೆಲ್ಲ ಹೇಳ್ಬೇಕಾಗುತ್ತೆ, ಏನು ತಂದೆ ಅದು, ಒಯ್ಯಿ ಅಂದ್ರೆ ಇನ್ನೊಂದು ತಂದ್ಯಾ. ಹಳೆಯದನ್ನು ಕಳಚಿ ಹೊಸದನ್ನು ಕಂಬಿಗೆ ಕೂರಿಸಿದೆ, ನೀನು ಹೂಂ ಅಂದ್ರೆ ಮಾತ್ರ ಇದು ಆಸ್ಪತ್ರೆಗೆ ಹೋಗುತ್ತಂತೆ, ಯಜಮಾನರು ಹೇಳಿದ್ರು, ಅಂದೆ, ಬೆರಳು ಸಿಕ್ಕಿಸು, ತೋಳು ಬಿಡು, ಅಷ್ಟೆ. ಬಿಟ್ಟಳು. ಬಂತು. ಈಗ ಇಲ್ಲಿ ಮುಟ್ಟು. ಮುಟ್ಟಿದಳು, ಖಾನೆ ಮೆಲ್ಲಗೆ ತಿರುಗಿ ಹೋಗಿ ಕೂತಿತು, ಟಕ್, ಪೂರ್ತಿ ಟಕ್. ಇನ್ನೊಮ್ಮೆ ಎಳೆದಳು, ಇನ್ನೊಮ್ಮೆ ಮುಟ್ಟಿದಳು, ಹುಬ್ಬು ಏರಿತು, ಇದು ಪರವಾಗಿಲ್ಲ ಕಣೇ, ಇದು ನನ್ನ ಮಾತು ಕೇಳುತ್ತೆ, ಹೂಂ ಅಂದ್ಲು ಅಂತ ಹೇಳು ನಿಮ್ಮ ಯಜಮಾನರಿಗೆ. ಗೆದ್ದೆ, ಗಾಡಿ ನಿಲ್ಲುತ್ತದೆ, ಎಷ್ಟೋ ಮಂಚಗಳ ಪಕ್ಕ ಎಷ್ಟೋ ಖಾನೆಗಳು ಮುಚ್ಚಿಕೊಳ್ಳುತ್ತವೆ, ಕೊಡು, ದಿಂಬಿನ ಕೆಳಗಿರೋದನ್ನ ನಾನೇ ಇಡ್ತೀನಿ ಅಂತ ಕೈ ಚಾಚಿದೆ. ಬೇಡ, ಅಂದಳು, ನಾನೇ ಇಟ್ಕೋತೀನಿ, ನೀನು ಸ್ವಲ್ಪ ಆ ಕಡೆ ತಿರುಗು. ಆ ಕಡೆ ತಿರುಗು — ನನಗೆ, ಎರಡು ಹೊತ್ತೂ ಅವಳನ್ನು ತೊಳೆದು ಒರೆಸುವವಳಿಗೆ, ಆ ಚಿಮುಟ ಹಿಡಿದು ಅವಳ ಗದ್ದ ಎತ್ತಿ ಒಂದೊಂದೇ ಕೂದಲು ಕೀಳುವವಳಿಗೆ, ಅವಳು ಒಂದು ದಿನವೂ ನನ್ನೆದುರು ಬಟ್ಟೆ ಸರಿಪಡಿಸಿಕೊಂಡವಳಲ್ಲ, ತಿರುಗಿದೆ, ಗೋಡೆ, ಸುಣ್ಣದ ಬಿರುಕು, ಹಿಂದೆ ಪಟ್ಟಿ ಎಳೆದ ಸದ್ದು, ಪ್ಲಾಸ್ಟಿಕ್ಕಿನ ಸರಸರ, ಚಿಮುಟ ಬಿದ್ದ ಕಿಣಿ, ಆಮೇಲೆ ಆ ಮೆತ್ತನೆಯ ಉಸಿರು, ಟಕ್, ನಾನು ಮಾಡಿದ್ದು, ಎಷ್ಟು ಚೆನ್ನಾಗಿ ಕೂರುತ್ತದೆ, ಆಯ್ತಾ ದೊಡ್ಡಮ್ಮ, ಹೂಂ, ತಿರುಗಿದೆ, ಖಾನೆ ಮುಚ್ಚಿತ್ತು, ಕೂದಲೆಳೆಯಷ್ಟೂ ಸಂದಿಲ್ಲದೆ ಮುಚ್ಚಿತ್ತು, ಅದರ ಮೇಲೆ ಅವಳ ಅಂಗೈ, ಅಗಲಿಸಿದ ಐದು ಬೆರಳು, ಯಾರೂ ಇಲ್ಲ ಕೋಣೆಯಲ್ಲಿ, ನಾನೊಬ್ಬಳೇ ಇರುವುದು, ಆದರೂ ತೆಗೆಯಲಿಲ್ಲ, ಅಂಗೈ, ಮುಚ್ಚಿದ್ದರ ಮೇಲೆ, ಅಂಗೈ