ನಾಲ್ಕನೆಯ ಚಕ್ರ

"ಜಗ್ಗಬೇಡಿ ಮೇಷ್ಟ್ರೇ, ಜಗ್ಗಬೇಡಿ!" ಎಂದು ಟೈಲರ್ ಕೂಗುವಷ್ಟರಲ್ಲಿ ಮೇಷ್ಟ್ರು ಜಗ್ಗಿಯಾಗಿತ್ತು. ಹೊಸ ಕೋಟಿನ ಎಡತೋಳು ಹೆಗಲಿನಿಂದ ಕಳಚಿಕೊಂಡು ಮೊಣಕೈಗೆ ಬಂದು ಕೂತಿತು. ನಿಲುಗನ್ನಡಿಯ ಎದುರು ಒಂದೇ ತೋಳಿನ ಕೋಟಿನಲ್ಲಿ ನಿಂತ ಮೇಷ್ಟ್ರು ತಮ್ಮನ್ನೇ ತಾವು ಗುರುತು ಹಿಡಿಯದವರಂತೆ ನೋಡಿಕೊಂಡರು.

"ಏನಯ್ಯಾ ಇದು? ಹಾಕ್ಕೊಂಡ್ರೆ ಬಿಚ್ಚಿಹೋಗೋ ಕೋಟನ್ನ ಇವತ್ತೇ ನೋಡಿದ್ದು ನಾನು."

"ಇದಿನ್ನೂ ಕಚ್ಚಾ ಹೊಲಿಗೆ ಮೇಷ್ಟ್ರೇ. ಅಳತೆ ನೋಡೋಕೆ ಅಂತ ಸುಮ್ನೆ ಹಿಡಿಸಿರೋದು. ಗಟ್ಟಿ ಹೊಲಿಗೆ ಆಮೇಲೆ ಹಾಕೋದು."

ಹಾಗೆಂದವನು ಗುಂಡುಪಿನ್ನು ಹಿಡಿದ ಕೈಯನ್ನು ಮೇಲೆತ್ತಿದ್ದಲ್ಲೇ ನಿಲ್ಲಿಸಿಬಿಟ್ಟ. ಸುಮ್ನೆ ಹಿಡಿಸಿರೋದು, ಗಟ್ಟಿ ಆಮೇಲೆ. ಈ ಮಾತನ್ನು ಇವತ್ತು ಬೆಳಿಗ್ಗೆ ಮನಸ್ಸಿನಲ್ಲೇ ಆಡಿಕೊಂಡಿದ್ದ, ಅಂಗಡಿಯಲ್ಲಲ್ಲ, ಮನೆಯ ಮುಂದೆ, ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು.

ಬೆಳಿಗ್ಗೆ ಬೇಗ ಎದ್ದು ಕಾರಿನ ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದ್ದ. ಹಾಗೆ ಆಗಾಗ ಅದಲುಬದಲು ಮಾಡಿದರೆ ನಾಲ್ಕೂ ಒಂದೇ ಸಮ ಸವೆದು ಇನ್ನೊಂದು ವರ್ಷ ಬಾಳುತ್ತವೆ ಎಂದು ಗ್ಯಾರೇಜಿನ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಕೆಲಸದ ಕ್ರಮವನ್ನೂ ಅವನೇ ಕಲಿಸಿದ್ದ: ಗಾಡಿ ಜಾಕಿನ ಮೇಲಿರುವಾಗ ನಟ್ಟುಗಳನ್ನು ಕೈಗೆ ಬಂದಷ್ಟು ತಿರುಗಿಸಿ ಬಿಡಬೇಕು; ಚಕ್ರ ನೆಲ ಮುಟ್ಟಿದ ಮೇಲೆ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರ ಹಾಕಿ ಬಿಗಿ ಮಾಡಬೇಕು. ಮೂರು ಚಕ್ರಕ್ಕೆ ಹಾಗೆ ಕಾಲಿಟ್ಟಿದ್ದು ಅವನಿಗೆ ನೆನಪಿತ್ತು. ನಾಲ್ಕನೆಯದು, ಎಡಗಡೆಯ ಮುಂದಿನದು, ಜಾಕಿನಿಂದ ಇಳಿಸಿದ್ದೂ ನೆನಪಿತ್ತು. ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು, ಜಗಳ ಶುರುವಾಯಿತು. ಆಮೇಲೆ ಏನು ಮಾಡಿದೆ ಎಂದು ತಲೆ ಎಷ್ಟು ಕೆರೆದುಕೊಂಡರೂ ಆ ಜಾಗದಲ್ಲಿ ಜಗಳ ಬಿಟ್ಟು ಬೇರೇನೂ ಸಿಗಲಿಲ್ಲ.

ಜಗಳವೂ ಹೊಸದೇನಲ್ಲ. ಹೋದ ವರ್ಷ ಎಂಜಿನ್ನಿಗೆ ನೀರು ಹೋಗುವ ರಬ್ಬರ್ ಪೈಪು ಬಿರುಕುಬಿಟ್ಟಿದೆ, ಒಂದು ಶರ್ಟಿನ ಹೊಲಿಗೆಯಷ್ಟೂ ಖರ್ಚಾಗಲ್ಲ, ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳಿದ್ದ. ಇವನು ನಾಳೆ ನಾಡಿದ್ದು ಎನ್ನುತ್ತ ಬಿಟ್ಟ. ಒಂದು ದಿನ ಹೆಂಡತಿ ಓಡಿಸುತ್ತಿದ್ದಾಗ ಪೈಪು ಒಡೆದು ಎಂಜಿನ್ನೇ ಸುಟ್ಟಿತು. ಎರಡು ತಿಂಗಳು ಮನೆಯಲ್ಲಿ ಗಾಡಿಯಿಲ್ಲ, ನೆಮ್ಮದಿಯಿಲ್ಲ, ಎತ್ತಿದ ಮಾತಿಗೆಲ್ಲ ಸಿಡುಕು. "ಎಂಜಿನ್ ಬಿಸಿ ತೋರ್ಸೋ ಮುಳ್ಳು ಮೇಲೇರಿದ್ದನ್ನ ನೀನು ನೋಡ್ಬೇಕಿತ್ತು" ಎಂದು ಇವನು ಅವಳ ತಲೆಗೆ ಕಟ್ಟಿದ. ಮೆಕ್ಯಾನಿಕ್ ಹೇಳಿದ್ದನ್ನು ಮಾತ್ರ ಬಾಯಿ ಬಿಡಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಮ್ಮ ಟೈಲರ್. ಆದರೆ ಒಳಗೊಳಗೇ ಅದು ಕೊರೆಯದೆ ಇರಲಿಲ್ಲ. ಅಂದಿನಿಂದ ಎಣ್ಣೆ, ನೀರು, ಗಾಳಿ, ಬ್ರೇಕು ಎಲ್ಲವನ್ನೂ ತಿಂಗಳಿಗೊಮ್ಮೆ ತಾನೇ ನೋಡುತ್ತಿದ್ದ. ಗಾಡಿ ಒಮ್ಮೆಯೂ ಕೈಕೊಟ್ಟಿರಲಿಲ್ಲ, ನಿಜ. ಇವತ್ತು ಬೆಳಿಗ್ಗೆ ಅವಳು "ಮಾವನ ಕಣ್ಣು ತೋರ್ಸೋಕೆ ಹೊತ್ತಾಯ್ತು, ನಿಂಗೆ ಟೈರಿನ ಚಿಂತೆ" ಎಂದಾಗ, "ನಿನ್ನ ಕೈಗೆ ಬಿಟ್ರೆ ಹೋದ ವರ್ಷದ ಥರಾನೇ ಆಗತ್ತೆ" ಎಂದುಬಿಟ್ಟ. ಅವಳು ಕೀಲಿ ಕಿತ್ತುಕೊಂಡು ಒಳಗೆ ಹೋದಳು. ಇವನು ಸಾಮಾನನ್ನೆಲ್ಲ ಡಿಕ್ಕಿಗೆ ಎಸೆದು ಅಂಗಡಿಗೆ ನಡೆದ.

ಈಗ ಗಡಿಯಾರ ಹತ್ತಕ್ಕೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಕಣ್ಣಾಸ್ಪತ್ರೆ ಬೆಟ್ಟದ ಕೆಳಗಿನ ಪೇಟೆಯಲ್ಲಿ. ಅಲ್ಲಿಗೆ ಹೋಗುವ ರಸ್ತೆ ಹನ್ನೊಂದು ತಿರುವುಗಳ ಇಳಿಜಾರು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಆಗಲೇ ಹೊರಟಿರುವ ಕಾರಿನಲ್ಲಿ ಹೆಂಡತಿ, ಅಪ್ಪ, ಎಂಟು ವರ್ಷದ ಮಗಳು.

ಅವನು ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಯಾರೋ ಕತ್ತರಿಸಿದರು. ಕೈಯಲ್ಲಿದ್ದ ಗುಂಡುಪಿನ್ನುಗಳು ನೆಲದ ಮೇಲೆ ಚೆಲ್ಲಿಹೋದವು. "ಏನಾಯ್ತಯ್ಯಾ?" ಎಂದರು ಮೇಷ್ಟ್ರು. ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಮಗಳು ಎತ್ತಿಕೊಂಡಳು.

"ಅಪ್ಪಾ, ಅಮ್ಮ ನಿನ್ನ ಹತ್ರ ಮಾತಾಡಲ್ವಂತೆ."

"ಪುಟ್ಟಿ, ಎಲ್ಲಿದೀರ?"

"ಕಾರಲ್ಲಿ."

"ಅಯ್ಯೋ, ಕಾರು ಎಲ್ಲಿದೆ ಅಂದೆ."

"ರಸ್ತೇಲಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದ. "ಕಿಟಕಿಯಿಂದ ಹೊರಗೆ ಏನು ಕಾಣ್ಸತ್ತೆ ಹೇಳು ಬಂಗಾರ."

"ಕೆಳಗೆ ನದಿ. ದಾರದ ಥರ ಚಿಕ್ಕದು."

ನದಿ ಅಷ್ಟು ಚಿಕ್ಕದಾಗಿ ಕಾಣಬೇಕಾದರೆ ಎರಡನೆಯ ತಿರುವು, ಹೆಚ್ಚೆಂದರೆ ಮೂರನೆಯದು. ಇನ್ನೂ ಇಳಿಯಬೇಕಾದ್ದು ಎಂಟು. ಚಕ್ರ ಕಳಚತ್ತೆ ಎಂದು ಕೂಗಿಬಿಡಬೇಕು ಅನ್ನಿಸಿತು. ಆದರೆ ಗಾಬರಿಯಾದವಳು ಗಕ್ಕನೆ ಬ್ರೇಕು ಒತ್ತಿದರೆ ಅಲ್ಲೇ ಮುಗಿಯಿತು.

"ಫೋನನ್ನ ಅಮ್ಮಂಗೆ ಕೇಳೋ ಹಾಗೆ ಸ್ಪೀಕರಿಗೆ ಹಾಕು."

"ಬೇಡ ಅಂತಿದಾಳೆ. ನಿನ್ನ ದನೀನೇ ಕೇಳೋದು ಬೇಡ್ವಂತೆ."

"ಹಾಗಾದ್ರೆ ನೀನೇ ಹೇಳು. ನಿಧಾನಕ್ಕೆ, ಬ್ರೇಕು ಜೋರಾಗಿ ಒತ್ತದೆ, ಬಂಡೆ ಕಡೆಗೆ ತಗೊಂಡು ನಿಲ್ಸು ಅಂತ."

ಮಗಳು ಹೇಳಿದಳು. ದೂರದಿಂದ ಹೆಂಡತಿಯ ದನಿ ಚುರುಕಾಗಿ ಬಂತು: "ಮುಳ್ಳು ಎಲ್ಲಿರ್ಬೇಕೋ ಅಲ್ಲೇ ಇದೆ ಅಂತ ಹೇಳು ನಿಮ್ಮಪ್ಪಂಗೆ. ಡಾಕ್ಟ್ರು ನಮಗೋಸ್ಕರ ಕಾಯ್ತಾ ಕೂತಿರಲ್ಲ."

"ಮುಳ್ಳು ಅಲ್ಲೇ ಇದೆಯಂತೆ ಅಪ್ಪಾ."

"ಮುಳ್ಳಿನ ವಿಷಯ ಅಲ್ಲ ಪುಟ್ಟಿ. ಕಾರಲ್ಲಿ ಏನಾದ್ರೂ ಸದ್ದು ಬರ್ತಿದೆಯಾ? ಕಿವಿಗೊಟ್ಟು ಕೇಳು."

ಸೀಟು ಕಿರ್ರೆಂದಿತು, ಹುಡುಗಿ ಮುಂದಕ್ಕೆ ಬಾಗಿದ್ದಳು.

"ಕಟಕ್ ಕಟಕ್ ಅಂತಿದೆ. ತಾತನ ಕಾಲ ಹತ್ರ. ಬಾಗಿಲ ಸದ್ದು ಅಂತ ತಾತ ಬಾಗಿಲನ್ನ ಎಳ್ಕೊಂಡು ಕೂತಿದಾರೆ."

ಅವನು ಇಸ್ತ್ರಿ ಮೇಜನ್ನು ಹಿಡಿದುಕೊಂಡ. ಹೆಂಡತಿ ಯಾಕೆ ನಿಲ್ಲಿಸುತ್ತಿಲ್ಲ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಒಂದು ವರ್ಷದಿಂದ ಇವನು ಗಾಡಿಯ ವಿಷಯ ಎತ್ತಿದಾಗಲೆಲ್ಲ ಕೊನೆಗೆ ಬಂದು ನಿಂತಿದ್ದು ಅವಳ ತಪ್ಪಿಗೇ. ಇದನ್ನೂ ಅವಳು ಆ ಲೆಕ್ಕಕ್ಕೇ ಸೇರಿಸಿದ್ದಳು, ಪಾಪ, ಬೇರೆ ಹೇಗೆ ತಿಳಿದಾಳು?

"ಪುಟ್ಟಿ, ಅಮ್ಮಂಗೆ ಹೇಳು. ಅಪ್ಪ ತಪ್ಪು ಮಾಡಿದಾನೆ. ತಾತನ ಕಡೆ ಮುಂದಿನ ಚಕ್ರದ ನಟ್ಟು ಬಿಗಿ ಮಾಡೋದು ಮರ್ತಿದಾನೆ. ಅಪ್ಪಂದೇ ತಪ್ಪು ಅಂತ ಹೇಳು." ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹೋದ ವರ್ಷದ್ದೂ ಅಪ್ಪಂದೇ. ಪೈಪು ಹಾಳಾಗಿದೆ ಅಂತ ಮೆಕ್ಯಾನಿಕ್ ಮೊದ್ಲೇ ಹೇಳಿದ್ದ. ನಾನೇ ಮಾಡ್ಸಿರಲಿಲ್ಲ. ಅದನ್ನೂ ಹೇಳು."

ಮಗಳು ಪಾಠ ಒಪ್ಪಿಸುವಂತೆ ಒಂದೊಂದೇ ಹೇಳಿದಳು. ಮೊದಲು ಮಾತಾಡಿದ್ದು ಮುದುಕ:

"ನಿಲ್ಸಮ್ಮಾ ತಾಯಿ! ಅವನ ಬಾಯಲ್ಲಿ ಈ ಮಾತು ಬಂತು ಅಂದ್ರೆ ಚಕ್ರ ಬಿದ್ದೇ ಹೋಗಿರ್ಬೇಕು!"

ಗೇರು ಕೆಳಗಿಳಿದದ್ದು ಕೇಳಿಸಿತು. ಕಟಕ್ ಕಟಕ್ ಈಗ ಅವನ ಕಿವಿಗೂ ಬಿತ್ತು, ಮೊದಲು ಬೇಗ ಬೇಗ, ಆಮೇಲೆ ಒಂದೊಂದೇ. ಜಲ್ಲಿಕಲ್ಲು ಕರಕರ ಎಂದಿತು. ಎಂಜಿನ್ ಆರಿತು. ಬಾಗಿಲು, ಹೆಜ್ಜೆ. ಫೋನಿಗೆ ಹೆಂಡತಿ ಬಂದಳು.

"ಎರಡು ನಟ್ಟು ಇಲ್ವೇ ಇಲ್ಲ. ಇರೋ ಎರಡೂ ಬೆರಳಲ್ಲೇ ತಿರುಗ್ತಿವೆ."

"ಎಲ್ಲರೂ ಕೆಳಗಿಳೀರಿ. ನಾನು..."

"ಬಾ" ಎಂದಳು. ಫೋನು ನಿಂತಿತು.

ಮೇಷ್ಟ್ರು ಆಗಲೇ ಸ್ಕೂಟರಿನ ಕೀಲಿ ತೆಗೆದಿದ್ದರು. ಕೋಟು ಬಿಚ್ಚುವಷ್ಟು ಹೊತ್ತನ್ನೂ ಅವರು ವ್ಯರ್ಥ ಮಾಡಲಿಲ್ಲ. ದಾರಿಯುದ್ದಕ್ಕೂ ಟೈಲರ್ ಒಂದೇ ಒಂದು ಮಾತಾಡಿದ, ಅದೂ ಹತ್ತಾರು ಸಲ: "ಬೇಗ ಮೇಷ್ಟ್ರೇ." ಅವರು ಒಂದೊಂದು ಸಲವೂ "ಹೂಂ ಕಣಯ್ಯಾ" ಎಂದರು.

ಮೂರನೆಯ ತಿರುವಿನ ಈಚೆ ಕಾರು ಬಂಡೆಯ ಕಡೆಗೆ ಸರಿದು ನಿಂತಿತ್ತು. ಅಪ್ಪ ಕಲ್ಲಿನ ಮೇಲೆ ಕೂತಿದ್ದರು, ಮಗಳು ಅವರ ತೊಡೆಯ ಮೇಲೆ. ಹೆಂಡತಿ ರಸ್ತೆಯ ಆ ಬದಿಯಲ್ಲಿ, ಅಂಚಿನ ಹತ್ತಿರ, ಕೆಳಗೆ ನೋಡುತ್ತ ನಿಂತಿದ್ದಳು. ಇವನನ್ನು ನೋಡಿದಾಗಲೂ ಕೂಗಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ತುಟಿಗಳು ಬಿಳಿಚಿಕೊಂಡಿದ್ದವು.

ಅವನು ಜಾಕು, ಸ್ಪ್ಯಾನರು ತೆಗೆದು ಕೂತ. ಹಿಂದಿನ ಎರಡು ಚಕ್ರಗಳಿಂದ ಒಂದೊಂದು ನಟ್ಟು ಬಿಚ್ಚಿ ಮುಂದಿನದಕ್ಕೆ ತಂದ. ಕೈ ಎಷ್ಟು ನಡುಗುತ್ತಿತ್ತೆಂದರೆ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಆ ಬೆರಳುಗಳಿಗೆ ನಟ್ಟು ಕೂರಿಸಲು ಆಗಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ಕೂತು ಅವನ ಕೈಯಿಂದ ನಟ್ಟು ತೆಗೆದುಕೊಂಡು ತಾನೇ ಹಚ್ಚಿದಳು. ಚಕ್ರ ನೆಲ ಮುಟ್ಟಿದ ಮೇಲೆ ಅವನು ಸ್ಪ್ಯಾನರಿನ ಮೇಲೆ ಕಾಲಿಟ್ಟ. ಇನ್ನೊಂದು ಸಲ ಇಟ್ಟ. ಉಳಿದ ಮೂರಕ್ಕೂ ಹೋಗಿ ಇಟ್ಟುಬಂದ.

"ಆಸ್ಪತ್ರೆ?" ಎಂದ, ಅಪ್ಪನ ಕಡೆ ನೋಡದೆ.

"ಕಣ್ಣು ನಾಳೆಗೂ ಇರತ್ತೆ ಬಿಡೋ" ಎಂದರು ಮುದುಕ. "ಜೀವ ಇದೆಯಲ್ಲ, ಅದು ದೊಡ್ಡದು. ಮೊದ್ಲು ಗ್ಯಾರೇಜಿಗೆ ನಡೀರಿ."

ಹೆಂಡತಿ ಅವನತ್ತ ಕೀಲಿ ಚಾಚಿದಳು. ಅವನು ತಲೆ ಅಲ್ಲಾಡಿಸಿದ. "ನೀನೇ ಓಡ್ಸು. ನಿಧಾನಕ್ಕೆ ಹೋಗು. ನಾನು ಪಕ್ಕದಲ್ಲಿ ಚಕ್ರ ನೋಡ್ತಾ ಬರ್ತೀನಿ."

ಗ್ಯಾರೇಜಿಗೆ ತಿಳಿಸುತ್ತೇನೆಂದು ಮೇಷ್ಟ್ರು ಸ್ಕೂಟರಿನಲ್ಲಿ ಮುಂದೆ ಹೋದರು. ಅವಳು ಕಾರು ತಿರುಗಿಸಿಕೊಂಡು ಏರುದಾರಿಗೆ ಬಿಟ್ಟಳು. ಅವನು ಅಪ್ಪನ ಕಿಟಕಿಯ ಅಂಚಿಗೆ ಒಂದು ಕೈ ಹಿಡಿದು, ತಲೆ ಬಗ್ಗಿಸಿ, ತಿರುಗುವ ಚಕ್ರದ ಮೇಲೆ ಕಣ್ಣು ನೆಟ್ಟು ನಡೆದ. ಒಂದು ತಿರುವು ದಾಟಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಸಾಕು, ಹತ್ತು" ಎಂದಳು ಹೆಂಡತಿ ಒಳಗಿನಿಂದ.

"ಇನ್ನೊಂದು ಸ್ವಲ್ಪ."

ಹಿಂದೆ ಒಂದು ಲಾರಿ ಬಂದು ಹಾರ್ನ್ ಬಾರಿಸಿತು, ಅದರ ಹಿಂದೆ ಇನ್ನೊಂದು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗಿ ಎಂದು ಬೀಸಿದಳು. ಲಾರಿಗಳು ಬೈದುಕೊಂಡು ದಾಟಿ ಹೋದವು. ಕಾರು ಅವನ ಹೆಜ್ಜೆಯ ವೇಗದಲ್ಲೇ ಏರುತ್ತಿತ್ತು.