ಅರಾಮ ಅದಾನ

ಪೇಪರ್‌ನಾಗ ಬಂದ ಮ್ಯಾಲ ಮುಗೀತು ಬಿಡ್ರಿ, ಶಶಿಕಲಾನ ಮಾತು ಯಾರು ಕೇಳ್ತಾರ? ಮಸರಕಲ್ಲ ಊರಾಗ ಮನಿ ಕಟ್ಟಿ ಮ್ಯಾಲ ಕುಂತು ಆಕಿ ಮೈದುನ ಅಯ್ಯಪ್ಪ ಓಣಿಗೆಲ್ಲಾ ಕೇಳೂ ಹಂಗ ಓದಿದ. ರಾಯಚೂರಿನ ಡಾಕ್ಟರ್ ನಿಗಾರ್ ಅವರ ಸಂಶೋಧನೆ ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ, ತಲೆಗೆ ಪೆಟ್ಟಾಗಿ ಚಿಕಿತ್ಸೆ ಪಡೆದು ಊರಿಗೆ ಮರಳಿದ ಹಳ್ಳಿಯವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗಿದ್ದಾರೆ.

"ಅದರಾಗ ನಮ್ಮಣ್ಣನೂ ಒಬ್ಬ! ಕೇಳಿದೇನು ಅತ್ತಿಗಿ? ಇನ್ನ ಮ್ಯಾಲ ಅಣ್ಣನ್ನ ಮತ್ತ ದವಾಖಾನಿಗಿ ಒಯ್ಯೋಣು ಅಂತ ಬಾಯಿ ತಗೀಬ್ಯಾಡ. ತೋರಸಬೇಕಾದ್ದು ನಿನ್ನ ತಲಿ."

ಅಣ್ಣ ಅಂದ್ರ ಯಂಕೋಬ, ಶಶಿಕಲಾನ ಗಂಡ. ದೇವದುರ್ಗಕ್ಕ ಮಂದಿ ಹೇರೂ ಟಂಟಂ ಗಾಡಿ ಹೊಡೀತಿದ್ದ. ಹೋದ ವರ್ಷ ಗಾಡಿ ಪಲ್ಟಿ ಆಗಿ ತಲಿಗಿ ಪೆಟ್ಟು ಬಿತ್ತು. ರಾಯಚೂರಾಗ ಜೀವ ಉಳಿಸಿ ಕಳಿಸಿದ್ರು. ಕೈಕಾಲು ಗಟ್ಟಿ ಅದಾವ, ಉಣ್ತಾನ, ತಿರಗ್ಯಾಡ್ತಾನ. ಮಂದಿಗಿ ಅಷ್ಟ ಸಾಕಲ್ಲ! ಆದ್ರ ಉಂಡ ತಾಟು ಎತ್ತೂದ್ರಾಗ "ನನಗ ಊಟಕ್ಕ ಹಾಕೂದಿಲ್ಲೇನು?" ಅಂತಾನ. ಮಗಳು ನಕ್ರ ಸಿಟ್ಟಿಗೆದ್ದು ಕೈಗೆ ಸಿಕ್ಕದ್ದು ಒಗೀತಾನ. ಆ ಮಗಳ ಹೆಸರು ಗಾಡಿ ಮ್ಯಾಲ ಬರಿಸಿದಾಂವ ಇವನೇ, ಈಗ "ಏ ಹುಡುಗಿ" ಅಂತ ಕರೀತಾನ. ಇದನ್ನೆಲ್ಲಾ ಹೇಳಿದ್ರ ಶಶಿಕಲಾನೇ ಕೆಟ್ಟಾಕಿ, ಗಂಡನ ಜೋಡಿ ಬಾಳ್ವಿ ಮಾಡಾಕ ಒಲ್ಲದಾಕಿ.

ಮಾನ್ವಿಗಿ ತವರಮನಿಗಿ ಹೋಗ್ತೀನಿ ಅಂತ ಸುಳ್ಳು ಹೇಳಿ ಆಕಿ ರಾಯಚೂರು ಬಸ್ಸು ಹತ್ತಿದಳು.

"ನೀವು ಬರದದ್ದು ಖರೇ ಅಲ್ರಿ," ಅಂದಳು ಡಾಕ್ಟರ್ ನಿಗಾರ್ ಮುಂದ, ನಿಂತಕಾಲ ಮ್ಯಾಲ.

ನಿಗಾರ್ ಸಿಟ್ಟಿಗೇಳಲಿಲ್ಲ. ಕಂಪ್ಯೂಟರ್‌ನಾಗ ಯಂಕೋಬನ ಹೆಸರು ಹುಡುಕಿದಳು. "ಡಿಸ್ಚಾರ್ಜ್ ಆದ ಮ್ಯಾಲ ನಾವು ಎಲ್ಲಾರ ಮನಿಗೂ ಫೋನ್ ಮಾಡೇವ್ರಿ. ಯಂಕೋಬ ಹೆಂಗದಾನ ಅಂದಿದ್ದಕ್ಕ 'ಅರಾಮ ಅದಾನ' ಅಂದಾರ. ಅರಾಮ ಅಂದ್ರ ಗುಣ ಅಂತ ಲೆಕ್ಕಕ್ಕ ಹಿಡದೇವಿ."

"ಅಯ್ಯ ನನ್ನ ಶಿವನ! ಫೋನ್ ಎತ್ತಿದಾಕಿ ನಮ್ಮತ್ತಿ ಗೋಪಮ್ಮ. ನಮ್ಮ ಕಡಿ ಹೆಂಗದೀರಿ ಅಂದ್ರ ಸಾಯಾಂವನೂ ಅರಾಮ ಅದೀನಿ ಅಂತಾನಲ್ರಿ! ಹಡದಾಕಿ ಮಗನ ಬಗ್ಗಿ ಕೆಟ್ಟ ಮಾತು ಆಡ್ತಾಳೇನು? ಮ್ಯಾಲ ಅಸ್ತು ದೇವತಿಗಳು ತಿರಗತಿರ್ತಾವ, ಆಡಿದ್ದಕ್ಕ ಹಂಗೇ ಆಗ್ಲಿ ಅಂತಾವ ಅಂತ ಆಕಿಗಿ ಅಂಜಿಕಿ."

ನಿಗಾರ್ ಮುಖ ಸಪ್ಪಗಾಯ್ತು. ಆಕಿನೂ ಮಾನ್ವಿಯಾಕಿನೇ. "ನಮ್ಮ ಅಮ್ಮೀನೂ ಸಾಯೂ ದಿನ ಅರಾಮ ಅದೀನಿ ಅಂತನೇ ಅಂದ್ರು," ಅಂದಳು. "ಎಷ್ಟು ಮನ್ಯಾಗ ಹಿಂಗ ಆಗೇದೋ ಏನೋ. ಬರದದ್ದು ನಾ ತಿದ್ದತೀನ್ರಿ. ಅದಕ್ಕಿಂತ ಮೊದಲ ಯಂಕೋಬಗ ಇಲಾಜ್ ಆಗಬೇಕು. ಮನ್ಯಾಗ ಕಳಸೂದಿಲ್ಲ ಅಂದ್ರ ನಾನೇ ಬಂದು ಮಾತಾಡ್ತೀನಿ."

ಹೇಳಿದಂಗ ನಿಗಾರ್ ಐತವಾರ ಸೂಟಿ ದಿನ ಮಸರಕಲ್ಲಿಗಿ ಬಂದಳು. ಗೋಪಮ್ಮ ಚಾ ತಂದಿಟ್ಟು, ಕೇಳೂಕಿಂತ ಮೊದಲ, "ಮಗ ಅರಾಮ ಅದಾನ್ರಿ ಡಾಕ್ಟರಮ್ಮ" ಅಂದುಬಿಟ್ಟಳು. ಅಯ್ಯಪ್ಪ ಮೀಸಿಯಾಗ ನಕ್ಕ. ಶಶಿಕಲಾ ಬಾಗಲಾ ಹಿಡಕೊಂಡು ನಿಂತಿದ್ದಳು, ಇವತ್ತೂ ಯಾರೂ ನಂಬಲಿಲ್ಲ ಅಂದ್ರ ಇನ್ನೆಂದೂ ಇಲ್ಲ ಅಂತ ಆಕಿಗಿ ಗೊತ್ತಿತ್ತು.

ನಿಗಾರ್ ಚಾ ಕುಡದು ಕಪ್ಪು ಕೆಳಗಿಟ್ಟಳು. "ಯವ್ವಾ, ಪೆಟ್ಟು ಬೀಳೂಕಿಂತ ಮೊದಲ ನಿಮ್ಮ ಮಗ ಹೆಂಗಿದ್ದ?"

ಮುದುಕಿ ಮುಖ ಅರಳಿತು. "ಹೆಂಗಿದ್ದ ಅಂತೀರಿ! ಭಾಳ ನಗಸ್ತಿದ್ದ ನೋಡ್ರಿ. ದೇವದುರ್ಗದಿಂದ ಬರೂ ಮುಂದ ನನಗಂತ ಬಿಸಿ ಮಿರ್ಚಿ ಕಟ್ಟಿಸ್ಕೊಂಡು ಬರ್ತಿದ್ದ. ಬಾಯಾಗ ಹಲ್ಲಿಲ್ಲ, ಮುದುಕಿಗಿ ಖಾರ ಬೇಕು ಅಂತ ಕಾಡಸ್ತಿದ್ದ..."

ಅಷ್ಟರಾಗ ದನಿ ಬ್ಯಾರೆ ಆಯ್ತು. ಮೈ ಹಿಂದ ಮುಂದ ತೂಗಾಕ ಹತ್ತಿತು. "ಮಿರ್ಚಿ ತರಾಂವ ಎಲ್ಲಿ ಹೋದ್ಯೋ ನನ್ನಪ್ಪಾ... ಮಗಳ ಹೆಸರ ಗಾಡಿಗಿ ಬರಸಿದಾಂವ ಎಲ್ಲಿ ಹೋದ್ಯೋ ನನ್ನ ರಾಜಾ..."

ಹಿಂಗ ಹಾಡ್ಯಾಡಿ ಅಳೂದು ಹೆಣದ ಮುಂದ. ಬದುಕಿದ್ದ ಮಗನ್ನ ಮನ್ಯಾಗ ಇಟಗೊಂಡು ಯಾವ ತಾಯಿ ಅಳ್ತಾಳ? ಬಾಜೂಮನಿ ಸೂಗಮ್ಮ ರೊಟ್ಟಿ ಹಿಟ್ಟಿನ ಕೈಲೇ ಓಡಿ ಬಂದು, ಏನಾತವ್ವಾ ಅಂತ ಅಂಗಳದಾಗ ನಿಂತಳು.

ಅಯ್ಯಪ್ಪ ತಲಿ ಎತ್ತಲಿಲ್ಲ. "ನಾಳಿನೇ ರಾಯಚೂರಿಗಿ ಒಯ್ಯೋಣು ಅತ್ತಿಗಿ," ಅಂದ.

ಶಶಿಕಲಾಗ ಬೇಕಾದ ಮಾತು ಇದೇ. ಆದ್ರ ಅತ್ತಿ ಇನ್ನೂ ತೂಗಿ ತೂಗಿ ಅಳಾಕ ಹತ್ತಿದ್ದಳು. ಇಂಥಾ ಗೆಲುವು ವೈರಿಗೂ ಬ್ಯಾಡ್ರೀ.

ಗದ್ದಲ ಕೇಳಿ ಯಂಕೋಬ ಒಳಗಿಂದ ಎದ್ದು ಬಂದ. ತಾಯಿ ಮಗ್ಗಲದಾಗ ಕುಂತ. ಆಕಿ ಅಳೂದನ್ನ ತುಸು ಹೊತ್ತು ನೋಡಿದ, ಅವನ ಕಣ್ಣಾಗೂ ನೀರು ಬಂತು.

"ಯಾರು ಸತ್ರು ಯವ್ವಾ?"

ಗೋಪಮ್ಮ ಬಾಯಿಗಿ ಸೆರಗು ತುರುಕಿಕೊಂಡಳು. ಶಶಿಕಲಾ ಹೋಗಿ ಗಂಡನ ಕೈ ಹಿಡಕೊಂಡಳು.

"ಯಾರೂ ಇಲ್ರಿ," ಅಂದಳು. "ಎಲ್ಲಾರೂ ಅರಾಮ ಅದಾರ."